ಕೋಣೆ ಅಳೆದು ಬೆಳಕು ಕೊಳ್ಳಿ
ಸ್ಟುಡಿಯೊ ಹಾಕುವ ಮಕ್ಕಳಿಗೆ, ದುಡ್ಡು ಹಾಕುವ ಮನೆಯವರಿಗೆ ನಾಲ್ಕು ಮಾತು

ದಿನಕ್ಕೆ ಐವತ್ತು ಫೋಟೊ ಮೊಬೈಲ್‌ನಲ್ಲೇ ತೆಗೆಯುವ ಮನೆಯವರೂ ವರ್ಷಕ್ಕೆ ಕೆಲವು ಸಲ ಸ್ಟುಡಿಯೊದ ಮೆಟ್ಟಿಲು ಹತ್ತಲೇಬೇಕಾಗುತ್ತದೆ. ಹಜ್ ಅರ್ಜಿಗೆ ಬಿಳಿ ಹಿನ್ನೆಲೆಯ ಫೋಟೊ ಬೇಕು. ಪಾಸ್‌ಪೋರ್ಟಿಗೆ ದೊಡ್ಡವರ ಫೋಟೊವನ್ನು ಸೇವಾ ಕೇಂದ್ರದಲ್ಲೇ ತೆಗೆಯುತ್ತಾರೆ, ಆದರೆ 4 ವರ್ಷದೊಳಗಿನ ಮಗುವಾದರೆ 4.5 ಸೆಂ.ಮೀ. ಉದ್ದ, 3.5 ಸೆಂ.ಮೀ. ಅಗಲದ, ಬಿಳಿ ಹಿನ್ನೆಲೆಯ ಫೋಟೊ ನಾವೇ ಕೊಂಡೊಯ್ಯಬೇಕು. ಗಲ್ಫ್‌ನ ವೀಸಾ, ಮಕ್ಕಳ ವಿದ್ಯಾರ್ಥಿವೇತನ, ಅಜ್ಜಿಯ ಪಿಂಚಣಿ ಎಲ್ಲಕ್ಕೂ ಮುಖ ಸರಿಯಾಗಿ ಕಾಣುವ ಒಂದು ಚಿತ್ರ ಬೇಕು. ಕಿವಿಯ ಹಿಂದೆ ಗೋಡೆಗೆ ಒಂದು ಕಪ್ಪು ನೆರಳು ಬಿದ್ದರೆ ಅಷ್ಟೇ, ಅರ್ಜಿ ವಾಪಸ್.

ಇಂಥ ಕೆಲಸವನ್ನೇ ನಂಬಿ ನಮ್ಮ ಕಡೆಯ ಯುವಕನೊಬ್ಬ ಕಲಬುರಗಿ ಜಿಲ್ಲೆಯ ಇಜೇರಿಯಲ್ಲಿ ಸ್ಟುಡಿಯೊ ಹಾಕಲು ಹೊರಟಿದ್ದಾನೆ. ವ್ಯಾಪಾರಕ್ಕೆಂದು ಹೋಗಿ ಅಲ್ಲೇ ನೆಲೆ ಮಾಡಿಕೊಂಡ ಮನೆ ಅದು. ಕ್ಯಾಮೆರಾ ಉಂಟು, ಕೈಯೂ ಪಳಗಿದೆ. ಇಲ್ಲದ್ದು ಸ್ಟುಡಿಯೊದ ಸ್ಟ್ರೋಬ್ ಲೈಟು. ಅದಕ್ಕೆ ಉಮ್ಮ ತನ್ನ ಎರಡು ಬಳೆ ಕೊಟ್ಟಿದ್ದಾರೆ. "ಕಾಕ, 600ರದ್ದು ಒಂದು ತೆಗೆಯುವುದಾ, 200ರದ್ದು ಎರಡು ತೆಗೆಯುವುದಾ?" ಎಂದು ಆತ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಈ ಬರಹಕ್ಕೆ ಕೂತೆವು. ಉಳ್ಳಾಲದಲ್ಲಿ, ಬಿ.ಸಿ. ರೋಡಿನಲ್ಲಿ, ಉಪ್ಪಿನಂಗಡಿಯಲ್ಲಿ ಇದೇ ಕಸುಬಿಗೆ ಇಳಿಯುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಬಳೆಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಸಣ್ಣದು, ಒಂದೇ ಜಾತಿಯದ್ದು, ಎರಡು. ಯಾಕೆ ಎಂಬುದನ್ನು ಮುಂದೆ ನೋಡುವ.

ದೊಡ್ಡ ಸಂಖ್ಯೆಯ ಮೋಹ

ಸ್ಟ್ರೋಬ್ ಲೈಟಿನ ಮೇಲೆ 200, 400, 600 ಎಂದು ಬರೆದಿರುತ್ತದೆ. ಅದು ವ್ಯಾಟ್-ಸೆಕೆಂಡ್. ಲೈಟಿನೊಳಗಿನ ಕೆಪಾಸಿಟರ್ ಎಂಬ ಡಬ್ಬಿಯಲ್ಲಿ ಎಷ್ಟು ವಿದ್ಯುತ್ ಶಕ್ತಿ ತುಂಬಿಡಬಹುದು ಎಂಬ ಲೆಕ್ಕ. ಬಟನ್ ಒತ್ತಿದ ಕೂಡಲೇ ಆ ಶಕ್ತಿಯೆಲ್ಲ ಕ್ಸೆನಾನ್ ಅನಿಲ ತುಂಬಿದ ಗಾಜಿನ ಕೊಳವೆಯಲ್ಲಿ ಸಿಡಿದು, ಸೆಕೆಂಡಿನ ನೂರರಲ್ಲೊಂದು ಪಾಲಿಗೂ ಕಡಿಮೆ ಹೊತ್ತಿನಲ್ಲಿ ಬೆಳಕಾಗುತ್ತದೆ. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಬೆಳೆಸಿದ ವಿದ್ಯೆ ಇದು. ಇವತ್ತಿನ ಲೈಟುಗಳ ಒಳಗೂ ಮೂಲ ಸಂಗತಿ ಅದೇ.

ಈಗ ಲೆಕ್ಕಕ್ಕೆ ಬರುವ. 200ಕ್ಕಿಂತ 400 ಇಮ್ಮಡಿ ಶಕ್ತಿ. ಆದರೆ ಕ್ಯಾಮೆರಾದ ಭಾಷೆಯಲ್ಲಿ ಅದು ಒಂದೇ ಒಂದು ಸ್ಟಾಪ್. 200ಕ್ಕೂ 600ಕ್ಕೂ ಇರುವ ಅಂತರ ಸುಮಾರು ಒಂದೂವರೆ ಸ್ಟಾಪ್. ಐಎಸ್‌ಒ 100ರಿಂದ 400ಕ್ಕೆ ಏರಿಸಿದರೆ ಎರಡು ಸ್ಟಾಪ್ ಸಿಕ್ಕಿಬಿಡುತ್ತದೆ. ಅಂದರೆ ಐಎಸ್‌ಒ 400ರಲ್ಲಿ 200ರ ಲೈಟು, ಐಎಸ್‌ಒ 100ರಲ್ಲಿ 800ರ ಲೈಟು ಮಾಡುವಷ್ಟೇ ಕೆಲಸ ಮಾಡುತ್ತದೆ. ಈಗಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಐಎಸ್‌ಒ 400 ಎಂದರೆ ಚಿತ್ರ ಕೆಡುವ ಮಾತೇ ಇಲ್ಲ. ರೀಲು ಹಾಕುತ್ತಿದ್ದ ಕಾಲದ ಹಿರಿಯ ಫೋಟೊಗ್ರಾಫರ್‌ಗಳು "ದೊಡ್ಡ ಲೈಟೇ ತೆಗೆದುಕೋ" ಎನ್ನುವುದಕ್ಕೆ ಆಗ ಕಾರಣ ಇತ್ತು. ಈಗ ಆ ಕಾರಣ ಕರಗಿದೆ.

ಕೋಣೆಯನ್ನೂ ಅಳೆಯಬೇಕು. ಇಜೇರಿಯ ಆ ಅಂಗಡಿ 10 ಅಡಿ ಅಗಲ, 14 ಅಡಿ ಉದ್ದ. ಕೂತವರಿಂದ ನಾಲ್ಕೈದು ಅಡಿ ದೂರದಲ್ಲಿ ಲೈಟು ನಿಲ್ಲುತ್ತದೆ. ಅಷ್ಟು ಹತ್ತಿರದಿಂದ 200ರ ಲೈಟಿಗೆ ಸಾಫ್ಟ್ ಬಾಕ್ಸ್ ತೊಡಿಸಿ ಹೊಡೆದರೂ ಐಎಸ್‌ಒ 100ರಲ್ಲಿ ಎಫ್/8 ಸಾಮಾನ್ಯವಾಗಿ ಸಿಗುತ್ತದೆ. ಪಾಸ್‌ಪೋರ್ಟ್ ಫೋಟೊಕ್ಕೆ ಇದಕ್ಕಿಂತ ಹೆಚ್ಚು ಬೇಡ. ಲೈಟನ್ನು ಎರಡರಷ್ಟು ದೂರ ಇಟ್ಟರೆ ಬೆಳಕು ಅರ್ಧ ಆಗುವುದಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹದಿನೈದು ಮಂದಿಯ ಕುಟುಂಬದ ಚಿತ್ರಕ್ಕೆ ಲೈಟನ್ನು ಹತ್ತಡಿ ಹಿಂದೆ ಒಯ್ದರೂ, ಮೊದಲು ಹೇಳಿದ ಐಎಸ್‌ಒ 400ರ ಲೆಕ್ಕ ಆ ಕೊರತೆಯನ್ನು ತುಂಬಿಸುತ್ತದೆ.

ದೊಡ್ಡ ಲೈಟಿಗೆ ಸಣ್ಣ ಕೋಣೆಯಲ್ಲಿ ಇನ್ನೊಂದು ತೊಂದರೆ. ಅದನ್ನು ಬೇಕಾದಷ್ಟು ತಗ್ಗಿಸಲು ಆಗುವುದಿಲ್ಲ. 400ರ ಲೈಟು ಹದಿನಾರರ ಒಂದು ಪಾಲಿಗೆ ಮಾತ್ರ ಇಳಿಯುವುದಾದರೆ ಕನಿಷ್ಠ 25 ವ್ಯಾಟ್-ಸೆಕೆಂಡ್ ಬಂದೇ ಬರುತ್ತದೆ. 200ರದ್ದು ಮೂವತ್ತೆರಡರ ಒಂದು ಪಾಲಿಗೆ ಇಳಿದರೆ 6 ಚಿಲ್ಲರೆ. ಮಗುವಿನ ಮುಖ ಮಾತ್ರ ಸ್ಪಷ್ಟವಾಗಿ, ಹಿಂದಿನದ್ದೆಲ್ಲ ಮೆತ್ತಗೆ ಕಾಣುವಂತೆ ತೆಗೆಯಬೇಕಾದಾಗ ಈ ತಗ್ಗುವ ಗುಣವೇ ಬೇಕು. ಹಾಗಾಗಿ ಅಂಗಡಿಯಲ್ಲಿ "ಎಷ್ಟು ಏರ್ತದೆ" ಎಂದು ಕೇಳಿದ ಮೇಲೆ "ಎಷ್ಟು ಇಳೀತದೆ" ಎಂದೂ ಕೇಳಿ.

ಎರಡು ಯಾಕೆ?

ಒಂದೇ ಲೈಟಿನಿಂದ ಒಳ್ಳೆಯ ಚಿತ್ರ ಬರುವುದಿಲ್ಲ ಎಂದಲ್ಲ. ಒಂದು ಲೈಟು, ಎದುರು ಬದಿಯಲ್ಲಿ ಒಂದು ಬಿಳಿ ಥರ್ಮೊಕೋಲ್ ಹಲಗೆ ಇಟ್ಟು ಚಂದದ ಚಿತ್ರ ತೆಗೆಯುವವರಿದ್ದಾರೆ. ಆದರೆ ಅರ್ಜಿಯ ಫೋಟೊಕ್ಕೆ ಬೇಕಾದ್ದು ಎರಡೂ ಕೆನ್ನೆಗೆ ಸಮ ಬೆಳಕು, ಹಿಂದಿನ ಗೋಡೆ ಶುದ್ಧ ಬಿಳಿ. ಎರಡು ಲೈಟುಗಳನ್ನು ಎಡಕ್ಕೊಂದು ಬಲಕ್ಕೊಂದು, ಮುಖಕ್ಕೆ ಓರೆಯಾಗಿ, ಕಣ್ಣಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿ. ಕೂತವರನ್ನು ಗೋಡೆಯಿಂದ ನಾಲ್ಕೈದು ಅಡಿ ಮುಂದೆ ಕೂರಿಸಿ. ನೆರಳು ಗೋಡೆಗೆ ಹೋಗದೆ ಕೆಳಗೆ ಬದಿಗೆ ಜಾರಿಬಿಡುತ್ತದೆ. ಕನ್ನಡಕದ ಗಾಜು ಹೊಳೆದರೆ ಲೈಟನ್ನು ಇನ್ನಷ್ಟು ಮೇಲೆತ್ತಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿದರೂ ಹೊಳಪು ಮಾಯ. ವ್ಯಾಪಾರ ಕುದುರಿದ ಮೇಲೆ ಗೋಡೆಗೆಂದೇ ಮೂರನೆಯದ್ದನ್ನು ಸೇರಿಸಬಹುದು.

ಎರಡೂ ಒಂದೇ ಕಂಪೆನಿಯ ಒಂದೇ ಮಾದರಿ ಆಗಿರಬೇಕು ಎನ್ನುವುದಕ್ಕೆ ಕಾರಣ ಬಣ್ಣ. ಒಂದು ಲೈಟು ತುಸು ಹಳದಿ, ಇನ್ನೊಂದು ತುಸು ನೀಲಿ ಬೆಳಕು ಕೊಟ್ಟರೆ ಒಬ್ಬರದ್ದೇ ಮುಖ ಎರಡು ಬಣ್ಣವಾಗುತ್ತದೆ. ಕಂಪ್ಯೂಟರ್‌ನಲ್ಲಿ ಎಷ್ಟು ತಿದ್ದಿದರೂ ಒಂದು ಕೆನ್ನೆ ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ.

ಕಪ್ಪು ಬುರ್ಖಾ, ಬಿಳಿ ಟೋಪಿ

ನಮ್ಮ ಮನೆಗಳ ಚಿತ್ರದಲ್ಲಿ ಬೆಳಕಿಗೆ ದೊಡ್ಡ ಪರೀಕ್ಷೆ ಒಂದುಂಟು. ಒಂದೇ ಸಾಲಿನಲ್ಲಿ ಕಪ್ಪು ಬುರ್ಖಾ, ಬಿಳಿ ಅಂಗಿ, ಬಿಳಿ ಟೋಪಿ, ಜರಿಯ ದುಪಟ್ಟಾ. ಬಿಳಿ ಅಂಗಿಗೆ ಹೊಂದಿಸಿದರೆ ಬುರ್ಖಾ ಬರೀ ಕಪ್ಪು ಮುದ್ದೆ, ಅದರ ಮಡಿಕೆ, ಕಸೂತಿ ಒಂದೂ ಕಾಣುವುದಿಲ್ಲ. ಬುರ್ಖಾಕ್ಕೆ ಹೊಂದಿಸಿದರೆ ಟೋಪಿ ಗೋಡೆಯಲ್ಲಿ ಕರಗುತ್ತದೆ. ಇದಕ್ಕೆ ಮದ್ದು ಲೈಟಿನ ಶಕ್ತಿಯಲ್ಲಿಲ್ಲ, ಅದರ ಮುಂದೆ ಕಟ್ಟುವ ಬಟ್ಟೆಯಲ್ಲಿದೆ. ಬೆಳಕು ಹೊರಡುವ ಮುಖ ದೊಡ್ಡದಾದಷ್ಟೂ, ಕೂತವರಿಗೆ ಹತ್ತಿರವಾದಷ್ಟೂ ನೆರಳು ಮೆತ್ತಗಾಗುತ್ತದೆ. ಬರಿಯ ಲೈಟು ಹೊಡೆದರೆ ಹಣೆಯಲ್ಲಿ ಎಣ್ಣೆ ಹಚ್ಚಿದ ಹಾಗೆ ಹೊಳಪು, ಮೂಗಿನ ಕೆಳಗೆ ಕತ್ತಿಯಂಥ ನೆರಳು. ಅದೇ ಲೈಟಿಗೆ 90 ಸೆಂ.ಮೀ. ಅಥವಾ 120 ಸೆಂ.ಮೀ. ಅಗಲದ ಸಾಫ್ಟ್ ಬಾಕ್ಸ್ ತೊಡಿಸಿ ತುಸು ಬದಿಯಿಂದ ಬಿಟ್ಟರೆ ಕಪ್ಪು ಬಟ್ಟೆಯ ಮಡಿಕೆಗಳೂ ಎದ್ದು ಬರುತ್ತವೆ.

ಕ್ಯಾಮೆರಾದ ಒಳಗಿನ ಮೀಟರ್ ನೋಡುವುದು ಕೋಣೆಯಲ್ಲಿ ಆಗ ಇರುವ ಬೆಳಕನ್ನು. ಸ್ಟ್ರೋಬ್ ಹೊಡೆದಾಗ ಬರುವ ಬೆಳಕು ಅದಕ್ಕೆ ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಮ್ಯಾನ್ಯುವಲ್‌ನಲ್ಲೇ ತೆಗೆದು, ಒಂದು ಫೋಟೊ ನೋಡಿ, ಹಿಸ್ಟೊಗ್ರಾಂ ನೋಡಿ ಲೈಟನ್ನು ಏರಿಸಿ ಇಳಿಸುವ ಅಭ್ಯಾಸ ಬೇಕು. ಒಮ್ಮೆ ಹೊಂದಿಸಿದ ಜಾಗಕ್ಕೆ ನೆಲದಲ್ಲಿ ಟೇಪು ಅಂಟಿಸಿಟ್ಟರೆ ಮರುದಿನ ಹುಡುಕಬೇಕಾಗಿಲ್ಲ.

ಎಲ್‌ಇಡಿ ಸಾಲದೇ?

"ಎಲ್‌ಇಡಿ ಲೈಟು ತೆಗೆದುಕೊಂಡರೆ ವೀಡಿಯೊಕ್ಕೂ ಆಗ್ತದೆ, ಫೋಟೊಕ್ಕೂ ಆಗ್ತದೆ" ಎನ್ನುವವರು ಬಹಳ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 60 ವ್ಯಾಟ್‌ನ ಎಲ್‌ಇಡಿ, ಸೆಕೆಂಡಿನ ನೂರನೇ ಒಂದು ಪಾಲು ಹೊತ್ತು ತೆರೆದ ಕ್ಯಾಮೆರಾಕ್ಕೆ ಖರ್ಚು ಮಾಡುವ ವಿದ್ಯುತ್ತು 0.6 ವ್ಯಾಟ್-ಸೆಕೆಂಡ್. ಸ್ಟ್ರೋಬ್‌ನದ್ದು 200. ಅದೇ ವಿದ್ಯುತ್ತಿನಲ್ಲಿ ಎಲ್‌ಇಡಿ ಹೆಚ್ಚು ಬೆಳಕು ಕೊಡುತ್ತದೆ ಎಂದು ಎರಡು ಪಾಲು ಬಿಟ್ಟುಕೊಟ್ಟರೂ ಅಂತರ ನೂರು ಪಾಲಿಗಿಂತ ಹೆಚ್ಚು. ಸುಮ್ಮನೆ ಕೂರುವ ದೊಡ್ಡವರ ಫೋಟೊ ಎಲ್‌ಇಡಿಯಲ್ಲಿ ಬಂದೀತು. ಮಡಿಲಲ್ಲಿ ಕೂತು ಕೈಕಾಲು ಆಡಿಸುವ ಕೂಸಿನ ಫೋಟೊ ಮಸುಕಾಗುತ್ತದೆ. ಸ್ಟ್ರೋಬ್ ಆ ಕ್ಷಣವನ್ನು ಹಿಡಿದು ನಿಲ್ಲಿಸುತ್ತದೆ. ಹೊರಗಿನ ಬಾಗಿಲಿನಿಂದ ಬರುವ ಬಿಸಿಲು, ಮೇಲಿನ ಟ್ಯೂಬ್‌ಲೈಟಿನ ಹಸಿರು ಛಾಯೆ ಎರಡನ್ನೂ ಅದು ಅಡಗಿಸುತ್ತದೆ. ಮದುವೆಯ ವೀಡಿಯೊ ಕೆಲಸವೇ ಹೆಚ್ಚು ಎನ್ನುವವರಿಗೆ ಎಲ್‌ಇಡಿ ಬೇರೆಯೇ ಬೇಕು. ಸ್ಟುಡಿಯೊ ಕುರ್ಚಿಗೆ ಸ್ಟ್ರೋಬ್.

ಕೂಸಿನ ಕಣ್ಣಿಗೆ ತೊಂದರೆಯಾ ಎಂದು ಉಮ್ಮಂದಿರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸಾಫ್ಟ್ ಬಾಕ್ಸ್‌ನ ಒಳಗಿಂದ, ಕಡಿಮೆ ಶಕ್ತಿಯಲ್ಲಿ, ನಾಲ್ಕೈದು ಅಡಿ ದೂರದಿಂದ ಹೊಡೆದರೆ ಹೆದರಬೇಕಾಗಿಲ್ಲ. ಬರಿಯ ಲೈಟನ್ನು ಮುಖದ ಹತ್ತಿರ ತಂದು ಹೊಡೆಯುವುದು ಬೇಡ. ಮಿನುಗುವ ಬೆಳಕಿಗೆ ಫಿಟ್ಸ್ ಬರುವವರು ಯಾರಾದರೂ ಇದ್ದರೆ ಫೋಟೊಗ್ರಾಫರ್‌ಗೆ ಮೊದಲೇ ಹೇಳಿ.

ಕರೆಂಟಿನ ಮಾತು

ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. "ಕರೆಂಟ್ ಹೋಗ್ಯದ್ರಿ, ಬಂದ ಮ್ಯಾಲ ಬರ್ರಿ" ಎಂದು ಗಿರಾಕಿಯನ್ನು ಕಳಿಸಿದರೆ ಅವರು ಮತ್ತೆ ಬರುವುದು ನಂಬಿಕೆಯಿಲ್ಲ. ಅರ್ಜಿಗೆ ಅವತ್ತೇ ಕೊನೆಯ ದಿನ ಇರಬಹುದು. ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿಯುವುದೂ ಹೊಸತಲ್ಲ. ವೋಲ್ಟೇಜ್ ಇಳಿದರೆ ಸ್ಟ್ರೋಬ್‌ನ ಕೆಪಾಸಿಟರ್ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕಳಪೆ ಲೈಟುಗಳು ಪೂರ್ತಿ ತುಂಬುವ ಮೊದಲೇ "ರೆಡಿ" ಎಂದು ದೀಪ ಹಚ್ಚಿಬಿಡುತ್ತವೆ. ಆಗ ಒಂದು ಫೋಟೊ ಬೆಳ್ಳಗೆ, ಮುಂದಿನದ್ದು ಕಪ್ಪಗೆ.

ಮನೆಯ ಇನ್ವರ್ಟರ್‌ಗೆ ಸಿಕ್ಕಿಸಿ ನಡೆಸುತ್ತೇವೆ ಎನ್ನುವವರು ತುಸು ನಿಲ್ಲಿ. ಸ್ಟ್ರೋಬ್ ತುಂಬಿಕೊಳ್ಳುವಾಗ ಒಮ್ಮೆಲೇ ಕರೆಂಟು ಎಳೆಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಅದಕ್ಕೆ ಆಗಿಬರುವುದಿಲ್ಲ, ಲೈಟೂ ಹಾಳಾಗಬಹುದು. ಪ್ಯೂರ್ ಸೈನ್ ವೇವ್ ಇರಬೇಕು, ಲೈಟಿನ ಜೊತೆ ಬರುವ ಪುಸ್ತಕದಲ್ಲಿ ಇನ್ವರ್ಟರ್‌ಗೆ ಒಪ್ಪಿಗೆ ಇದೆಯೋ ಎಂದೂ ನೋಡಬೇಕು.

ಇದಕ್ಕಿಂತ ನೇರ ದಾರಿ ಬ್ಯಾಟರಿಯ ಸ್ಟ್ರೋಬ್. ಉದಾಹರಣೆಗೆ ಚೀನಾದ ಗೋಡಾಕ್ಸ್ ಕಂಪೆನಿಯ ಎಡಿ200 ಎಂಬ 200 ವ್ಯಾಟ್-ಸೆಕೆಂಡ್ ಲೈಟು ಒಮ್ಮೆ ಚಾರ್ಜ್ ಮಾಡಿದರೆ ಪೂರ್ತಿ ಶಕ್ತಿಯಲ್ಲಿ ಸುಮಾರು 500 ಸಲ ಹೊಡೆಯುತ್ತದೆ ಎನ್ನುತ್ತದೆ ಕಂಪೆನಿ. ಅರ್ಧ ಶಕ್ತಿಗೆ ಇಳಿಸಿದರೆ ಇನ್ನೂ ಹೆಚ್ಚು. ಮದುವೆ ಹಾಲ್‌ಗೆ, ಮನೆಯ ಮೈಲಾಂಜಿಗೆ ಕೈಚೀಲದಲ್ಲಿ ಒಯ್ಯಬಹುದು. ವಯರು ಎಡವಿ ಯಾರೂ ಬೀಳುವುದಿಲ್ಲ. ಆದರೆ ಅದೇ ಶಕ್ತಿಯ ಪ್ಲಗ್ ಲೈಟಿಗಿಂತ ಬೆಲೆ ಹೆಚ್ಚು, ಕೆಲವು ವರ್ಷಕ್ಕೆ ಬ್ಯಾಟರಿ ಬದಲಿಸುವ ಖರ್ಚೂ ಉಂಟು. ಕರೆಂಟು ಸರಿಯಾಗಿರುವ ಪೇಟೆಯಲ್ಲಿ, ಸ್ಟುಡಿಯೊ ಬಿಟ್ಟು ಹೊರಗೆ ಹೋಗದವರಿಗೆ ಪ್ಲಗ್ ಲೈಟೇ ಸಾಕು. ಇಜೇರಿಯಂಥ ಊರಿಗೆ ಒಂದು ಬ್ಯಾಟರಿಯದ್ದು ಮೊದಲು, ಜೊತೆಯದ್ದು ಆಮೇಲೆ ಎಂಬುದು ನಮ್ಮ ಸಲಹೆ. ಕರೆಂಟಿಲ್ಲದ ದಿನ ಆ ಒಂದು ಲೈಟು, ಒಂದು ಬಿಳಿ ಹಲಗೆಯಲ್ಲೇ ಅಂಗಡಿ ನಡೆಯುತ್ತದೆ. ಎರಡನೆಯದ್ದೂ ಅದೇ ಮಾದರಿ ಇರಲಿ.

ಇನ್ನೊಂದು ಸಣ್ಣ ವಿಷಯ. ಫೋಟೊಕ್ಕೆ ಮೊದಲು ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಲು ಲೈಟಿನಲ್ಲೇ ಒಂದು ಸಣ್ಣ ಬಲ್ಬು ಇರುತ್ತದೆ. ಹಲವು ಪ್ಲಗ್ ಲೈಟುಗಳಲ್ಲಿ ಅದು 150 ವ್ಯಾಟ್‌ನ ಹ್ಯಾಲೊಜನ್. ಎರಡು ಉರಿಸಿದರೆ 300 ವ್ಯಾಟ್ ಶಾಖ. ಬೇಸಿಗೆಯಲ್ಲಿ ಮುಚ್ಚಿದ ಕೋಣೆಯೊಳಗೆ ಮದುಮಗಳ ಮೇಕಪ್ ಇಳಿಯಲು ಅಷ್ಟು ಸಾಕು. ಎಲ್‌ಇಡಿ ಬಲ್ಬಿನದ್ದು ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ.

ಅಂಗಡಿಯಲ್ಲಿ ನಿಂತಾಗ

ಸ್ವೀಡನ್‌ನ ಪ್ರೊಫೋಟೊ, ಸ್ವಿಟ್ಜರ್‌ಲ್ಯಾಂಡ್‌ನ ಎಲಿನ್‌ಕ್ರೋಮ್ ಈ ಕ್ಷೇತ್ರದ ಹಳೆಯ ಹೆಸರುಗಳು. ಒಳ್ಳೆಯ ಸಾಮಾನು, ಬೆಲೆಯೂ ಹಾಗೇ. ಸಣ್ಣ ಸ್ಟುಡಿಯೊಗೆ ಅಷ್ಟು ಬೇಕಾಗಿಲ್ಲ. ಯಾವುದನ್ನೇ ಕೊಳ್ಳಿ, ಇಷ್ಟನ್ನು ನೋಡಿ.

ಒಂದು, ಸಾಫ್ಟ್ ಬಾಕ್ಸ್ ಸಿಕ್ಕಿಸುವ ಬಾಯಿ. ಬೋವೆನ್ಸ್ ಎಂಬ ಇಂಗ್ಲೆಂಡಿನ ಕಂಪೆನಿ 2017ರಲ್ಲಿ ಬಾಗಿಲು ಹಾಕಿತು. ಆದರೆ ಅದು ಮಾಡಿದ ಎಸ್ ಮೌಂಟ್ ಎಂಬ ಜೋಡಣೆಯನ್ನು ಹತ್ತಾರು ಕಂಪೆನಿಗಳು ಇವತ್ತೂ ಬಳಸುತ್ತವೆ. ಆ ಬಾಯಿಯ ಲೈಟು ತೆಗೆದುಕೊಂಡರೆ ಸಾಫ್ಟ್ ಬಾಕ್ಸ್ ಯಾವ ಊರಲ್ಲೂ ಸಿಗುತ್ತದೆ. ಎಡಿ200ರಂಥ ಸಣ್ಣ ಲೈಟಿಗೆ ಅದೇ ಬಾಯಿಯ ಹಿಡಿಕೆ ಬೇರೆ ತೆಗೆದುಕೊಳ್ಳಬೇಕು, ಬೆಲೆ ಕೇಳುವಾಗ ಅದನ್ನೂ ಸೇರಿಸಿ.

ಎರಡು, ಟ್ರಿಗರ್. ಕ್ಯಾಮೆರಾದ ಮೇಲೆ ಕೂತು ಲೈಟಿಗೆ ರೇಡಿಯೊ ಸಂದೇಶ ಕಳಿಸುವ ಈ ಸಣ್ಣ ಪೆಟ್ಟಿಗೆ ನಿಮ್ಮ ಕ್ಯಾಮೆರಾದ ಕಂಪೆನಿಗೆ ಹೊಂದಬೇಕು. ಹಳೆಯ ಕಾಲದ ಕೆಲವು ಸ್ಟ್ರೋಬ್‌ಗಳು ಸಿಂಕ್ ವಯರಿನಲ್ಲಿ 200 ವೋಲ್ಟ್‌ಗೂ ಮೀರಿ ಬಿಡುತ್ತವೆ. ಅದನ್ನು ನೇರ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಕ್ಯಾಮೆರಾವೇ ಹೋದೀತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮರೆಯಬೇಡಿ.

ಮೂರು, ಹತ್ತು ಫೋಟೊದ ಪರೀಕ್ಷೆ. ಅಂಗಡಿಯಲ್ಲೇ ಒಂದು ಬಿಳಿ ಗೋಡೆಗೆ ಮುಖ ಮಾಡಿ, ಏನನ್ನೂ ಬದಲಿಸದೆ ಒಂದರ ಹಿಂದೆ ಒಂದು ಹತ್ತು ಫೋಟೊ ತೆಗೆಯಿರಿ. ಹತ್ತೂ ಒಂದೇ ರೀತಿ ಬಂದರೆ ಲೈಟು ಸರಿ. ಬೆಳಕು ಏರಿಳಿದರೆ, ಬಣ್ಣ ಬದಲಾದರೆ ಯಾವ ರಿಯಾಯಿತಿಗೂ ಮಣಿಯಬೇಡಿ. ಹಳೆಯ ಲೈಟಾದರೆ ಗಾಜಿನ ಕೊಳವೆಯ ತುದಿ ಕಪ್ಪಾಗಿದೆಯೋ ನೋಡಿ.

ನಾಲ್ಕು, ಬಿಲ್ಲು ಮತ್ತು ಸರ್ವಿಸ್. ಜೇವರ್ಗಿಯಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ಕೆಟ್ಟರೆ ಎಲ್ಲಿಗೆ ಕಳಿಸಬೇಕು, ಯಾರು ಖರ್ಚು ಹಾಕುತ್ತಾರೆ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಬಿಲ್ಲಿಲ್ಲದೆ ನೂರಿನ್ನೂರು ಉಳಿಸಿದವರು ವಾರಂಟಿ ಕೇಳುವ ದಿನ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಕಂತಿನಲ್ಲಿ ಕೊಡುತ್ತೇವೆ, ಬಡ್ಡಿ ಸೊನ್ನೆ ಎನ್ನುವವರಿದ್ದಾರೆ. ಬಡ್ಡಿ ಬೇಡವೆಂದು ದೂರ ಇರುವ ಮನೆಗಳು ಪ್ರೊಸೆಸಿಂಗ್ ಶುಲ್ಕ, ತಡವಾದರೆ ಬೀಳುವ ದಂಡ ಏನೆಂದು ಬರಹದಲ್ಲಿ ನೋಡಿಯೇ ಸಹಿ ಹಾಕಬೇಕು. ಒಂದು ಲೈಟು ಈಗ, ಅದು ದುಡಿದ ಹಣದಲ್ಲಿ ಇನ್ನೊಂದು ಎಂದರೆ ಈ ತಲೆನೋವೇ ಇಲ್ಲ.

ಜೋಪಾನ

ಪ್ಲಗ್ ತೆಗೆದ ಮೇಲೂ ಸ್ಟ್ರೋಬ್‌ನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಮಿಕ್ಸಿ, ಫ್ಯಾನು ಬಿಚ್ಚಿ ರಿಪೇರಿ ಮಾಡುವ ಧೈರ್ಯವನ್ನು ಇದರಲ್ಲಿ ತೋರಿಸಬೇಡಿ. ಗೊತ್ತಿಲ್ಲದವರ ಕೈಗೂ ಕೊಡಬೇಡಿ. ಗಾಜಿನ ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬಾರದು.

ಇಜೇರಿಯ ಕಡೆ ಶತ್ರು ಧೂಳು, ನಮ್ಮ ಕರಾವಳಿಯಲ್ಲಿ ತೇವ. ಅಲ್ಲಿ ಫ್ಯಾನಿನ ಕಿಂಡಿಯನ್ನು ಆಗಾಗ ಒರೆಸಿ, ರಾತ್ರಿ ಬಟ್ಟೆ ಮುಚ್ಚಿಡಿ. ಇಲ್ಲಿ ಮಳೆಗಾಲ ಪೂರ್ತಿ ಕಪಾಟಿನಲ್ಲಿ ಮುಚ್ಚಿಟ್ಟು ಮರೆಯಬೇಡಿ. ತಿಂಗಳುಗಟ್ಟಲೆ ಉರಿಯದ ಕೆಪಾಸಿಟರ್ ಸೊರಗುತ್ತದೆ. ತಿಂಗಳಿಗೊಮ್ಮೆ ಹಚ್ಚಿ, ಕಡಿಮೆ ಶಕ್ತಿಯಿಂದ ಶುರು ಮಾಡಿ ಒಂದಷ್ಟು ಸಲ ಹೊಡೆದಿಡಿ. ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಬಹುದಿನ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಿ.

ಹೆಣ್ಣುಮಕ್ಕಳ ಕೈಗೆ

ಕಲಬುರಗಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಹೈದರಾಬಾದ್ ನಗರದಲ್ಲಿ ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಒಂದು ಜನಾನಾ ಸ್ಟುಡಿಯೊ ತೆರೆದರು. ಪರ್ದಾದಲ್ಲಿರುವ ಹೆಂಗಸರು ನಿಶ್ಚಿಂತೆಯಿಂದ ಬಂದು ಕೂರಲಿ ಎಂದು ಅದನ್ನು ಒಬ್ಬ ಮಹಿಳೆಯ ಕೈಗೇ ಒಪ್ಪಿಸಿದ್ದರು. ವಿದ್ಯುತ್ತಿನ ಫ್ಲ್ಯಾಶ್ ಎಂಬುದೇ ಇಲ್ಲದ ಕಾಲ ಅದು.

ನೂರಮೂವತ್ತು ವರ್ಷ ಕಳೆದ ಮೇಲೂ ನಮ್ಮ ಎಷ್ಟೋ ಮನೆಗಳ ಉಮ್ಮ, ಅಜ್ಜಿಯಂದಿರ ಒಂದು ಒಳ್ಳೆಯ ಚಿತ್ರ ಮನೆಯಲ್ಲಿಲ್ಲ. ಇರುವುದು ಗುರುತಿನ ಚೀಟಿಯ ಮಸುಕು ಮುಖ. ತೆಗೆಯುವವರು ಗಂಡಸರು ಎಂಬ ಸಂಕೋಚಕ್ಕೆ ಅವರು ಸ್ಟುಡಿಯೊಗೆ ಹೋಗಿಲ್ಲ. ಮದುವೆಯ ಹೆಂಗಸರ ಕಡೆಯಲ್ಲಿ ಮಹಿಳಾ ಫೋಟೊಗ್ರಾಫರ್ ಬೇಕೆಂದು ಹುಡುಕುವ ಮನೆಗಳೂ ಕಡಿಮೆ ಏನಿಲ್ಲ. ಹಿಂದೆ ಭಾರದ ಲೈಟು, ಉದ್ದದ ವಯರು, ಹೊರಲು ಇಬ್ಬರು ಹುಡುಗರು ಬೇಕಿತ್ತು. ಈಗಿನ ಬ್ಯಾಟರಿ ಲೈಟು ಒಂದು ಕೈಯಲ್ಲಿ ಹಿಡಿಯುವಷ್ಟು. ಮಡಿಸುವ ಸಾಫ್ಟ್ ಬಾಕ್ಸ್, ಒಂದು ಸ್ಟ್ಯಾಂಡು, ಒಂದು ಬಿಳಿ ಬಟ್ಟೆ ಇದ್ದರೆ ಮನೆಯ ಚಾವಡಿಯೇ ಸ್ಟುಡಿಯೊ. ಇಜೇರಿಯ ಆ ಮನೆಯಲ್ಲಿ ಪಿಯುಸಿ ಮುಗಿಸಿದ ತಂಗಿಯೂ ಇದ್ದಾಳೆ. ಲೈಟು ಹೊಂದಿಸುವುದನ್ನು ಅವಳಿಗೂ ಕಲಿಸು, ವಾರದಲ್ಲಿ ಒಂದು ದಿನ ಅಂಗಡಿ ಹೆಂಗಸರಿಗೇ ಇರಲಿ ಎಂದು ನಾವು ಆತನಿಗೆ ಹೇಳಿದ್ದೇವೆ. ಉಮ್ಮನ ಬಳೆ ಬೇಗ ವಾಪಸ್ ಬರುವ ದಾರಿಯೂ ಅದೇ ಇರಬಹುದು.

ಖರ್ಚಿನ ಸಾಲು ಹೀಗಿರಲಿ: ಮೊದಲು ಒಂದು ಒಳ್ಳೆಯ ಲೈಟು, ಅದಕ್ಕೆ ದೊಡ್ಡ ಸಾಫ್ಟ್ ಬಾಕ್ಸ್, ಗಟ್ಟಿ ಸ್ಟ್ಯಾಂಡು, ಕ್ಯಾಮೆರಾಕ್ಕೆ ಹೊಂದುವ ಟ್ರಿಗರ್. ಆಮೇಲೆ ಅದೇ ಮಾದರಿಯ ಎರಡನೆಯದ್ದು. ಉಳಿದದ್ದೆಲ್ಲ ಗಿರಾಕಿ ಕೊಟ್ಟ ದುಡ್ಡಿನಲ್ಲಿ ಬರಲಿ. ಎಲ್ಲ ಹೊಂದಿಸಿದ ದಿನ ಮೊದಲ ಫೋಟೊ ಮನೆಯ ಹಿರಿಯ ಹೆಂಗಸಿನದ್ದಾಗಲಿ, ಅದನ್ನು ಕಾಗದದಲ್ಲಿ ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡಿ.